ಸ್ವಿಟ್ಜರ್ಲೆಂಡಲ್ಲಿ ಗಿನಿಪಿಗ್ ಒಂದೇ ಸಾಕೋ ಹಾಗಿಲ್ಲ

ಮಗಳು ಹಠ ಮಾಡ್ತಿದ್ದಾಳೆ, ಸದ್ಯಕ್ಕೆ ಒಂದು ಗಿನಿಪಿಗ್ ತಂದು ನೋಡೋಣ ಅಂತ ಕೇಳಿದ್ರಲ್ಲ ಮೇಡಂ, ದಯವಿಟ್ಟು ಒಂದೇ ತರಬೇಡಿ. ಇಲ್ಲಿ 2008ರಿಂದ ಕಾನೂನೇ ಇದೆ, ಗುಂಪಲ್ಲಿ ಬದುಕೋ ಪ್ರಾಣಿನ ಒಂಟಿಯಾಗಿ ಇಡೋ ಹಾಗಿಲ್ಲ, ಕನಿಷ್ಠ ಎರಡು ಇರ್ಲೇಬೇಕು. ನಾವು ಊರಲ್ಲಿ ಲವ್ ಬರ್ಡ್ಸ್ ಅಂತೀವಲ್ಲ, ಆ ಪುಟಾಣಿ ಗಿಳಿಗಳಿಗೂ ಇದೇ ರೂಲ್. ಇನ್ನೊಂದು, 16 ವರ್ಷ ತುಂಬದ ಮಕ್ಕಳಿಗೆ ಅಪ್ಪ ಅಮ್ಮ ಒಪ್ಪದೆ ಪ್ರಾಣಿ ಮಾರೋ ಹಾಗಿಲ್ಲ, ಅಂದ್ರೆ ಜವಾಬ್ದಾರಿ ನಮ್ದೇ.

ನಾವು ಜ್ಯೂರಿಕ್‌ಗೆ ಬಂದ ವರ್ಷ ಮಗನಿಗೆ ಏಳು, ಜರ್ಮನ್ ಒಂದಕ್ಷರ ಬರ್ತಿರ್ಲಿಲ್ಲ, ಸ್ಕೂಲಿಂದ ಬಂದ್ರೆ ಮುಖ ಸಣ್ಣದು ಮಾಡ್ಕೊಂಡು ಕೂರೋನು. ಅವನಿಗೋಸ್ಕರ ಪ್ರಾಣಿಗಳ ಆಶ್ರಯದಿಂದ ಎರಡು ಹೆಣ್ಣು ಗಿನಿಪಿಗ್ ತಂದ್ವಿ. ನಾನು ಅಡುಗೆಗೆ ಅಂತ ಫ್ರಿಡ್ಜ್ ಬಾಗಿಲು ತೆಗೆದ್ರೆ ಸಾಕು, ಎರಡೂ ಕುಂಯ್ ಕುಂಯ್ ಅಂತ ಕೂಗೋವು, ಕೊತ್ತಂಬರಿ ದಂಟು ಅಂದ್ರೆ ಪ್ರಾಣ. ಇವನು ಅಲ್ಲೇ ನೆಲದ ಮೇಲೆ ಮಲಗಿ ಸ್ಕೂಲಲ್ಲಿ ಏನಾಯ್ತು ಅಂತ ಎಲ್ಲಾ ಅವಕ್ಕೆ ಕನ್ನಡದಲ್ಲಿ ಹೇಳೋನು, ನನಗೂ ಹೇಳದೇ ಇದ್ದಿದ್ದನ್ನ.

ಹೋದ ಚಳಿಗಾಲ ಒಂದು ಸತ್ತೋಯ್ತು. ಉಳಿದಿದ್ದು ಮರದ ಗೂಡು ಬಿಟ್ಟು ಹೊರಗೇ ಬರ್ಲಿಲ್ಲ, ಕೊತ್ತಂಬರಿ ಇಟ್ರೆ ಸಂಜೆ ತನಕ ಹಾಗೇ ಬಾಡಿ ಬಿದ್ದಿರೋದು. ಮಗ ಬಂದು "ಅಮ್ಮಾ ಇದರ ಭಾಷೆ ಬರೋರು ಈಗ ಮನೇಲಿ ಯಾರೂ ಇಲ್ಲ ಅಲ್ವಾ" ಅಂದ, ನನಗೆ ಗಂಟಲು ಕಟ್ಟಿದ ಹಾಗಾಯ್ತು. ಹೊಸ ಮರಿ ತಂದ್ರೆ ಮುಂದೆ ಅದೂ ಒಂಟಿ ಆಗತ್ತೆ, ಅದಕ್ಕೆ ಇಲ್ಲಿ ವಯಸ್ಸಾದ ಗಿನಿಪಿಗ್‌ನ ಜೊತೆಗೆ ಅಂತ ಬಾಡಿಗೆಗೆ ಕೊಡೋರು ಇದ್ದಾರೆ, ನಾವೂ ಹಾಗೇ ತಂದ್ವಿ. ನಾಲ್ಕೈದು ದಿನಕ್ಕೆ ಮತ್ತೆ ಫ್ರಿಡ್ಜ್ ಸದ್ದಿಗೆ ಕೂಗಾಟ ಶುರು.

ಆಗ ನಮ್ಮಜ್ಜಿ ಮನೆ ಗಿಳಿ ತುಂಬಾ ನೆನಪಾಯ್ತು. ಸಾಗರದ ಮನೆ ಜಗಲೀಲಿ ಪಂಜರದಲ್ಲಿ ಒಂದೇ ಒಂದು ಇತ್ತು, ಎಷ್ಟೋ ವರ್ಷ. ನಮ್ಮಲ್ಲೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಸಿರು ಗಿಳಿ ಸಾಕೋ ಹಾಗಿಲ್ಲ, ಆದ್ರೆ ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ, ನಾವು ಮಕ್ಕಳೆಲ್ಲಾ ಅದಕ್ಕೆ ಮೆಣಸಿನಕಾಯಿ ಕೊಟ್ಟು ಮಾತು ಕಲಿಸ್ತಿದ್ವಿ.

ಬಾಡಿಗೆ ಮನೇಲಿ ಪ್ರಾಣಿ ಸಾಕೋಕೆ ಓನರ್ ಒಪ್ಪಿಗೆ ಬೇಕಾ ಅಂತಾನೂ ಕೇಳಿದ್ರಿ. ಗಿನಿಪಿಗ್, ಹ್ಯಾಮ್‌ಸ್ಟರ್, ಮೀನು ಇಂಥ ಸಣ್ಣವು ಒಂದೆರಡು ಇದ್ರೆ ಸಾಮಾನ್ಯವಾಗಿ ಓನರ್ ಪರ್ಮಿಷನ್ ಬೇಕಾಗಲ್ಲ, ಬೆಕ್ಕು ನಾಯಿ ಆದ್ರೆ ಮೊದಲು ಅಗ್ರಿಮೆಂಟ್ ಓದಿ. ನಾಯಿಗಂತೂ ಮೈಕ್ರೋಚಿಪ್, ಅಮಿಕುಸ್ ಅನ್ನೋ ಇಲ್ಲಿನ ನಾಯಿಗಳ ಡೇಟಾಬೇಸ್‌ನಲ್ಲಿ ರಿಜಿಸ್ಟ್ರೇಷನ್, ವರ್ಷಾವರ್ಷ ಟ್ಯಾಕ್ಸ್, ಮೊದಲೇ ಲೆಕ್ಕ ಹಾಕ್ಕೊಳ್ಳಿ.

ಊರಿಗೆ ಹೋದಾಗ ಯಾರು ನೋಡ್ಕೋತಾರೆ ಅನ್ನೋ ಚಿಂತೆ ಬೇಡ. ನಾವು ಈ ಡಿಸೆಂಬರ್ ಇಲ್ಲೇ ಇರ್ತೀವಿ, ಎರಡನ್ನೂ ಅವುಗಳ ಪಂಜರದ ಸಮೇತ ನಮ್ಮನೇಲಿ ಬಿಟ್ಟು ಹೋಗಿ. ಒಣಹುಲ್ಲು ನಮ್ಮಲ್ಲೇ ಇದೆ, ಮಗನಿಗೆ ಈಗ್ಲೇ ಹೇಳಿದ್ದೀನಿ, ಹೆಸರೇನು ಅಂತ ಕೇಳ್ತಿದ್ದಾನೆ.