ಭಟ್ರ ಇಮೇಲಿನ ಮನೆ ಒಕ್ಕಲು

ಆಟಿಯ ಮಳೆ, ಅಂದರೆ ನಮ್ಮ ಕಡೆಯ ಆಷಾಢ. ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಮಧ್ಯಾಹ್ನವೇ ಕರೆಂಟು ಹೋಗಿತ್ತು. ನನ್ನ ಪ್ರೆಸ್ಸಿನ ಮೆಷಿನು ಬಾಯಿ ಮುಚ್ಚಿದ ಕೂಡಲೇ ಅಂಗಡಿಯ ಜಗಲಿಯಲ್ಲಿ ಮೂರು ಬಾಯಿ ತೆರೆಯುತ್ತವೆ. ಒಂದು ಮಾಷ್ಟ್ರದ್ದು, ಒಂದು ರೈಗಳದ್ದು, ಇನ್ನೊಂದು ಹಾಜಿಯಾರ್ರದ್ದು. ಮೂವರೂ ಇಪ್ಪತ್ತು ವರ್ಷದಿಂದ ನನ್ನ ಖಾಯಂ ಗಿರಾಕಿಗಳು. ಇದುವರೆಗೆ ಒಂದು ರೂಪಾಯಿಯ ಕೆಲಸ ಕೊಟ್ಟವರಲ್ಲ.

ಅಂಥಾ ಹೊತ್ತಿಗೆ ನೀರ್ಚಾಲಿನಿಂದ ಭಟ್ರು ಬಂದರು. ಅಡಿಕೆ ಹಾಳೆಯ ತಟ್ಟೆ ಮಾಡುವ ಸಣ್ಣ ಘಟಕ ಅವರದ್ದು. ಎಲ್ಲಿಗೆ ಹೋಗುವಾಗಲೂ ಚೀಲದಲ್ಲಿ ನಾಲ್ಕು ತಟ್ಟೆ ಇರುತ್ತದೆ, ಸ್ಯಾಂಪಲ್ಲಿಗೆ. ಕೊಡೆ ಮಡಚಿ ಮೂಲೆಗಿಟ್ಟವರು ಒಂದೇ ಉಸಿರಿಗೆ ಹೇಳಿದರು: "ಭಾವ, ಲೆಟರ್‌ಹೆಡ್ ಒಂದು ಸಾವಿರ, ವಿಸಿಟಿಂಗ್ ಕಾರ್ಡ್ ಐನೂರು, ಪೆಟ್ಟಿಗೆಗೆ ಅಂಟಿಸುವ ಲೇಬಲ್ ಎರಡು ಸಾವಿರ. ಇಮೇಲನ್ನು ಬೇರೆ ಕಂಪೆನಿಗೆ ಬದಲಾಯಿಸ್ತಾ ಇದ್ದೇನೆ. ಅಡ್ರೆಸ್ ಎಲ್ಲ ಬದಲಾಯಿಸ್ಬೇಕು."

ನಾನು ವ್ಯಾಪಾರಸ್ಥ. ಅಡ್ವಾನ್ಸ್ ತೆಗೆದುಕೊಂಡು ಸುಮ್ಮನಿರಬಹುದಿತ್ತು. ಆದರೆ ಎದುರಿಗೆ ಮಾಷ್ಟ್ರು ಕೂತಿದ್ದರು, ನಾಲ್ಕನೇ ಕ್ಲಾಸಿನಲ್ಲಿ ನನ್ನ ಕಿವಿ ಹಿಂಡಿದವರು. ಅವರ ಮುಂದೆ ನನಗೆ ಸುಳ್ಳು ಹೇಳಲಿಕ್ಕೆ ಈಗಲೂ ಆಗುವುದಿಲ್ಲ.

"ಅಡ್ರೆಸ್ ಬದಲಾಗುದಿಲ್ಲ ಭಾವ," ಎಂದೆ. ಒಂಬತ್ತು ಸಾವಿರದ ಕೆಲಸ ಮಳೆನೀರಿನೊಟ್ಟಿಗೆ ಚರಂಡಿಗೆ ಹೋಯಿತು.

"ಕಂಪೆನಿ ಬೇರೆ ಆದ ಮೇಲೆ?"

"ಆಟ್ ಅಂತ ಸುರುಳಿ ಸುತ್ತಿದ ಎ ಉಂಟಲ್ಲ, ಅದರ ಬಲಗಡೆ ಇರುವ ಹೆಸರು, ಡೊಮೈನ್ ಅಂತ ಹೇಳುದು, ಅದು ನಿಮ್ಮದು. ವರ್ಷ ವರ್ಷ ದುಡ್ಡು ಕೊಟ್ಟು ಇಟ್ಟುಕೊಂಡದ್ದು. ಈಗ ಹೋಗುವುದು ಹೆಸರಲ್ಲ, ಆ ಹೆಸರಿಗೆ ಬಂದ ಕಾಗದ ಇಟ್ಟುಕೊಳ್ಳುವ ಆಫೀಸು."

ಮಾಷ್ಟ್ರು ಕನ್ನಡಕ ಒರೆಸಿದರು. ಅವರು ಕನ್ನಡಕ ಒರೆಸಿದರೆ ಚರಿತ್ರೆಯ ಪಾಠ ಸುರುವಾಯಿತೆಂದೇ ಲೆಕ್ಕ. "ಅಂದ್ರೆ 1956ರ ನವೆಂಬರ್ 1ಕ್ಕೆ ನಮಗೆ ಆದ ಹಾಗೆ. ಮನೆ ಅಲ್ಲೇ, ತೋಟ ಅಲ್ಲೇ, ಹೊಳೆ ಅಲ್ಲೇ. ಮದ್ರಾಸು ರಾಜ್ಯದ ದಕ್ಷಿಣ ಕನ್ನಡದಲ್ಲಿ ಮಲಗಿದವರು ಕೇರಳದಲ್ಲಿ ಎದ್ದದ್ದು. ಮಂಗಳೂರಿಗೆ ಹೋಗುತ್ತಿದ್ದ ಅರ್ಜಿ ಕಣ್ಣೂರಿಗೆ ಹೋಗಲಿಕ್ಕೆ ಸುರು. ಪುನಃ 1984ರ ಮೇ 24ಕ್ಕೆ ಕಾಸರಗೋಡೇ ಜಿಲ್ಲೆ ಆಯ್ತು. ನಾವು ಕೂತಲ್ಲಿಂದ ಎದ್ದದ್ದೇ ಇಲ್ಲ."

ಇದಕ್ಕಿಂತ ಚೆಂದ ನನಗೆ ಹೇಳಲಿಕ್ಕೆ ಬರುತ್ತಿರಲಿಲ್ಲ. ಭಟ್ರ ಚೀಲದಿಂದ ಒಂದು ತಟ್ಟೆ ಎಳೆದು, ಹಿಂಬದಿಯಲ್ಲಿ ಪೆನ್ನಿನಿಂದ ಬರೆದೆ: ಎಂಎಕ್ಸ್. ಡೊಮೈನಿನ ಲೆಕ್ಕಪುಸ್ತಕದಲ್ಲಿ, ಅಂದರೆ ಡಿಎನ್‌ಎಸ್‌ನಲ್ಲಿ, ಇದೊಂದು ಸಾಲು. ಈ ಹೆಸರಿನವರ ಮೇಲ್ ಯಾವ ಸರ್ವರಿಗೆ ಕೊಡಬೇಕು ಎಂದು ಲೋಕಕ್ಕೆಲ್ಲ ಹೇಳುವುದು ಅದೇ. ಒಂದಕ್ಕಿಂತ ಹೆಚ್ಚು ಸಾಲಿದ್ದರೆ ಪಕ್ಕದಲ್ಲಿ 10, 20 ಅಂತ ಅಂಕೆ ಇರುತ್ತದೆ. ಅಂಕೆ ಸಣ್ಣದಿದ್ದವನಿಗೆ ಮೊದಲ ಮರ್ಯಾದೆ.

"ಅಷ್ಟೇಯಾ?" ಎಂದರು ರೈಗಳು. "ಒಂದು ಗೆರೆ ಅಳಿಸಿ ಇನ್ನೊಂದು ಬರೆಯಲಿಕ್ಕೆ ಇಷ್ಟು ಮಂಡೆಬಿಸಿಯಾ? ಆದ್ರೂ ಭಟ್ರೇ, ಆಟಿಯಲ್ಲಿ ಯಾರಾದ್ರೂ ಮನೆ ಒಕ್ಕಲು ಮಾಡ್ತಾರಾ? ಸೋಣ ತಿಂಗಳು ಬರಲಿ."

"ಸೋಣ ಬರುವಾಗ ಹಳೆ ಕಂಪೆನಿಯ ವಾಯಿದೆ ಮುಗೀತದೆ ಮಾರಾಯ್ರೆ. ಬಿಲ್ಲು ಈ ಸರ್ತಿ ಮೂರು ಪಟ್ಟು ಮಾಡಿದ್ದಾರೆ. ಕಳಿಸಿದ ಮೇಲ್ ಎಲ್ಲ ಸ್ಪ್ಯಾಮಿಗೆ ಹೋಗ್ತದೆ. ಪೆಟ್ಟಿಗೆ ಬೇರೆ ಭರ್ತಿ."

ಹಾಜಿಯಾರ್ರು ದುಬಾಯಿಯ ಕಾರ್ಗೋ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಕೂತು ಬಂದವರು. ಅವರದ್ದು ಒಂದೇ ಪ್ರಶ್ನೆ: "ಡೊಮೈನಿನ ಪಾಸ್‌ವರ್ಡ್ ಯಾರ ಹತ್ರ ಉಂಟು?"

ಭಟ್ರು ಮಳೆ ನೋಡಿದರು. "ಅಳಿಯನ ಹತ್ರ, ಅಕ್ಕನ ಮಗ. ಬೆಂಗಳೂರಿನಲ್ಲಿದ್ದಾನೆ. ಹನ್ನೊಂದು ವರ್ಷದ ಹಿಂದೆ ಎಲ್ಲ ಮಾಡಿ ಕೊಟ್ಟದ್ದು ಅವನೇ."

ಅಳಿಯನಿಗೆ ಫೋನ್ ಹೋಯಿತು. ಅವನಿಗೆ ಪಾಸ್‌ವರ್ಡ್ ನೆನಪಿಲ್ಲ. ಮರೆತರೆ ಹೊಸದು ಮಾಡಲಿಕ್ಕೆ ಒಟಿಪಿ ಬರುತ್ತದೆ, ಗಾಬರಿ ಬೇಡ ಎಂದ. ಒಟಿಪಿ ಎಲ್ಲಿಗೆ ಬರುತ್ತದೆ ಎಂದು ಕೇಳಿದರೆ, ಭಟ್ರ ಅದೇ ಇಮೇಲಿಗೆ! ಆ ಪೆಟ್ಟಿಗೆಯೋ, ತುಂಬಿ ಮೂರು ವಾರ. ಒಂದು ಅಕ್ಷರ ಒಳಗೆ ಹೋಗುವುದಿಲ್ಲ.

"ಪಡಚ್ಚೋನೇ," ಎಂದರು ಹಾಜಿಯಾರ್ರು. "ಕಪಾಟಿನ ಕೀಲಿಕೈ ಕಪಾಟಿನೊಳಗೆ ಇಟ್ಟು ಬೀಗ ಹಾಕಿದ್ದು. ಭಾಗ್ಯಕ್ಕೆ ಇದು ಮೊದಲೇ ಗೊತ್ತಾಯ್ತು. ಮೇಲ್ ಸಾಗಿಸುವಾಗ ನಡುವಿನಲ್ಲಿ ಏನಾದ್ರೂ ಕೆಟ್ಟಿದ್ರೆ ಒಟಿಪಿಯೂ ಇಲ್ಲ, ಸರಿ ಮಾಡಲಿಕ್ಕೆ ದಾರಿಯೂ ಇಲ್ಲ."

ಸರಿ, ಪೆಟ್ಟಿಗೆ ಖಾಲಿ ಮಾಡುವ ಅಂತಾಯಿತು. ಸಂಜೆ ಕರೆಂಟು ಬಂದ ಮೇಲೆ ತೆರೆದು ನೋಡಿದರೆ ವ್ಯಾಪಾರದ ಕಾಗದ ಅದರಲ್ಲಿ ಕಾಲು ಪಾಲೂ ಇಲ್ಲ. ಮಗನ ಉಪನಯನದ ವೀಡಿಯೊ, ಭಟ್ರು ತಮಗೆ ತಾವೇ ಕಳಿಸಿಕೊಂಡದ್ದು, ಒಂಬತ್ತು ತುಂಡು. ಅಳಿಸುವ ಎಂದರೆ ಮುಖ ಬಾಡಿತು. ಪೆನ್‌ಡ್ರೈವಿಗೆ ಇಳಿಸಿ ಕೊಟ್ಟ ಮೇಲೆ ಒಪ್ಪಿಗೆ ಸಿಕ್ಕಿತು. ಅಳಿಸಿದರೂ ಪೆಟ್ಟಿಗೆ ಖಾಲಿಯಾಗಲಿಲ್ಲ. ಎಲ್ಲ ಕಸದ ಬುಟ್ಟಿಗೆ ಹೋಗಿ ಕೂತಿತ್ತು, ಬುಟ್ಟಿಯೂ ಅದೇ ಮನೆಯೊಳಗೆ ತಾನೇ? ಬುಟ್ಟಿ ಚೆಲ್ಲಿದ ಮೇಲೆ ಒಟಿಪಿ ಬಂತು. ಮೊದಲು ಮಾಡಿದ ಕೆಲಸ, ಡೊಮೈನಿನ ಖಾತೆಗೆ ಬೇರೆ ಒಂದು ಜಿಮೇಲ್ ವಿಳಾಸವನ್ನೂ ಭಟ್ರ ಸ್ವಂತ ಫೋನ್ ನಂಬರನ್ನೂ ಹಾಕಿದ್ದು. ಅಳಿಯನ ಹೆಸರು ತೆಗೆದೆವು. ಇದನ್ನು ಭಟ್ರ ಅಕ್ಕನಿಗೆ ಯಾರೂ ಹೇಳಬಾರದೆಂದು ಜಗಲಿಯಲ್ಲಿ ತೀರ್ಮಾನವಾಯಿತು.

ಆದರೆ ಅಳಿಯನೂ ಸುಮ್ಮನಿರುವ ಜಾತಿಯಲ್ಲ. ಹೊಸ ಪಾಸ್‌ವರ್ಡ್ ಮಾವನಿಂದಲೇ ಕೇಳಿ ತೆಗೆದುಕೊಂಡು, ಸಹಾಯ ಮಾಡುವ ಅಂತ ರಾತ್ರಿಯೇ ಒಳಹೊಕ್ಕು ಎಂಎಕ್ಸಿನ ಬದಲು ನೇಮ್ ಸರ್ವರನ್ನೇ ಬದಲಾಯಿಸಿಬಿಟ್ಟ. ಇಮೇಲಿನ ಸಾಲು ಒಂದು ತಿದ್ದುವಲ್ಲಿ ಲೆಕ್ಕಪುಸ್ತಕವನ್ನೇ ಬೇರೆ ಕಡೆಗೆ ಕೊಟ್ಟದ್ದು. ಆ ಹೊಸ ಪುಸ್ತಕದಲ್ಲಿ ವೆಬ್‌ಸೈಟಿನ ಸಾಲು ಯಾರು ಬರೆದಿದ್ದಾರೆ? ಬೆಳಿಗ್ಗೆ ಆರಕ್ಕೆ ಭಟ್ರ ಫೋನು.

"ಭಾವ, ತಟ್ಟೆಯ ಚಿತ್ರ ಎಲ್ಲ ಮಾಯ. ವೆಬ್‌ಸೈಟೇ ಇಲ್ಲ. ಹೀಂಗೂ ಇದ್ದಾ?" ಭಟ್ರು ಬೆಚ್ಚಿದರೆ ಹವ್ಯಕಕ್ಕೆ ಇಳಿಯುತ್ತಾರೆ.

ಹಳೆಯದನ್ನೇ ವಾಪಸು ಹಾಕಿ, ಪಾಸ್‌ವರ್ಡ್ ಇನ್ನೊಮ್ಮೆ ಬದಲಾಯಿಸಿದೆವು. ಈ ಸರ್ತಿಯದ್ದನ್ನು ಭಟ್ರಿಗೂ ಬಾಯಲ್ಲಿ ಹೇಳಲಿಲ್ಲ, ಬರೆದು ಕವರಿನಲ್ಲಿ ಅಂಟಿಸಿ ಕೊಟ್ಟೆ.

ಮಾರನೇ ಸಂಜೆ ಪುನಃ ಜಗಲಿ. ಚಾ, ಗೋಳಿಬಜೆ. ಟಿಟಿಎಲ್ ಎಂಬ ವಿಷಯ ಎತ್ತಿದೆ. ಒಮ್ಮೆ ಕೇಳಿ ತಿಳಿದ ವಿಳಾಸವನ್ನು ಬೇರೆಯವರ ಸರ್ವರುಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಎಂಬ ಅಂಕೆ ಅದು, ಸೆಕೆಂಡಿನ ಲೆಕ್ಕದಲ್ಲಿ. ಭಟ್ರದ್ದು 14400 ಇತ್ತು, ಅಂದರೆ ನಾಲ್ಕು ಗಂಟೆ. ಬದಲಾಯಿಸುವ ಹಿಂದಿನ ದಿನವೇ ಅದನ್ನು 300ಕ್ಕೆ ಇಳಿಸಿದರೆ, ಗೆರೆ ತಿದ್ದಿದ ಐದು ನಿಮಿಷದಲ್ಲಿ ಹಳೆಯದು ಮರೆತುಹೋಗುತ್ತದೆ. ಆ ಮಾತು ಕೇಳದ ಕೆಲವು ಸರ್ವರುಗಳು ಇರುತ್ತವೆ, ಅದು ಬೇರೆ.

"ಹಾಗಾದ್ರೆ ನಮ್ಮ ಊರಿನ ಟಿಟಿಎಲ್ ಎಷ್ಟು ಮಾರಾಯ್ರೆ?" ಎಂದರು ರೈಗಳು. "1956ರಲ್ಲಿ ಗೆರೆ ತಿದ್ದಿದ್ದು. ನನ್ನ ಅಮ್ಮ ಈಗಲೂ ಮಂಗಳೂರಿಗೆ ಹೊರಟರೆ 'ಜಿಲ್ಲೆಗೆ ಹೋಗಿ ಬರ್ತೇನೆ' ಅಂತಲೇ ಹೇಳುದು."

ಮಾಷ್ಟ್ರು ನಗಲಿಲ್ಲ. ಆ ವಿಷಯಕ್ಕೆ ಅವರು ನಗುವುದಿಲ್ಲ. ನಮ್ಮನ್ನು ಕನ್ನಡ ರಾಜ್ಯಕ್ಕೆ ಸೇರಿಸಿ ಎಂದ ಮಹಾಜನ ವರದಿ 1967ರದ್ದು ಎಂದು ಮಾತ್ರ ಹೇಳಿ ಬಜೆಗೆ ಕೈ ಹಾಕಿದರು.

ಭಟ್ರಿಗೆ ಹೆದರಿಕೆ, ಆಚೆ ಈಚೆ ಆಗುವಾಗ ನಡುವಿನಲ್ಲಿ ಬಂದ ಮೇಲ್ ಎಲ್ಲಿಗೆ ಬೀಳುತ್ತದೆ ಅಂತ. ಒಂದೋ ಹಳೆ ಪೆಟ್ಟಿಗೆಗೆ, ಅಲ್ಲದಿದ್ದರೆ ಹೊಸದಕ್ಕೆ. ಎರಡೂ ಬಾಗಿಲು ಮುಚ್ಚಿದ್ದರೂ ಕಳಿಸಿದವನ ಸರ್ವರು ಸಾಮಾನ್ಯವಾಗಿ ನಾಲ್ಕೈದು ದಿನ ಬಿಡದೆ ಬಾಗಿಲು ಬಡಿಯುತ್ತದೆ. ಸಾಲ ವಸೂಲಿಗೆ ಬಂದವನಿಗೂ ಅಷ್ಟು ತಾಳ್ಮೆ ಇರುವುದಿಲ್ಲ.

"ಹಳೆ ರೂಮಿನ ಬಾಡಿಗೆ ಒಂದು ತಿಂಗಳು ಹೆಚ್ಚು ಕೊಡಿ," ಎಂದರು ಹಾಜಿಯಾರ್ರು. "ಗಲ್ಫಿನಲ್ಲಿ ನಾವೆಲ್ಲ ಹಾಗೇ ಮಾಡುದು. ಸಾಮಾನು ಎಲ್ಲ ಬಂತು ಅಂತ ನೋಡಿದ ಮೇಲೆಯೇ ಕೀಲಿ ಕೊಡುದು."

ಸಾಮಾನು ಎಂದ ಕೂಡಲೇ ಹನ್ನೊಂದು ವರ್ಷದ ಹಳೆ ಮೇಲ್ ನೆನಪಾಯಿತು. ಎಂಎಕ್ಸ್ ತಿದ್ದಿದರೆ ಹೊಸ ಮೇಲ್ ಮಾತ್ರ ಹೊಸ ಮನೆಗೆ. ಹಳೆಯದನ್ನು ಐಮ್ಯಾಪ್ ಮೂಲಕ, ಅಂದರೆ ಮೇಲನ್ನು ಸರ್ವರಿನಲ್ಲೇ ಇಟ್ಟು ಓದುವ ದಾರಿಯಿಂದ, ನಕಲು ಮಾಡಿ ಸಾಗಿಸಬೇಕು. ಫೋಲ್ಡರ್, ಓದಿದ ಗುರುತು ಎಲ್ಲ ಬರುತ್ತದೆ, ಫೋನ್ ನಂಬರಿನ ಪಟ್ಟಿ ಮತ್ತು ಕ್ಯಾಲೆಂಡರ್ ಅದರಲ್ಲಿ ಬರುವುದಿಲ್ಲ, ಬೇರೆಯೇ ಇಳಿಸಿಕೊಳ್ಳಬೇಕು. ಭಟ್ರ ಮೊದಲ ನಾಲ್ಕು ವರ್ಷದ್ದು ಮಾತ್ರ ಸರ್ವರಿನಲ್ಲಿ ಇರಲೇ ಇಲ್ಲ. ಆಗ ಕಂಪ್ಯೂಟರಿನಲ್ಲಿ ಪಾಪ್ ಅಂತ ಇಟ್ಟಿದ್ದರು. ಅದು ಮೇಲನ್ನು ಕಂಪ್ಯೂಟರಿಗೆ ಇಳಿಸಿ ಸರ್ವರಿನಿಂದ ಅಳಿಸುತ್ತಿತ್ತು. ಆ ಕಂಪ್ಯೂಟರು ಈಗ ಅಟ್ಟದಲ್ಲಿ, ಹಾಳೆಯ ಕಟ್ಟುಗಳ ಅಡಿಯಲ್ಲಿ. ಬಿಚ್ಚಿದರೆ ಒಳಗೆ ಕೆಂಪಿರುವೆಯ ಸಂಸಾರ. ಇರುವೆ ಓಡಿಸಿ, ಡಿಸ್ಕ್ ತೆಗೆದು, ಅದರಿಂದ ಮೇಲ್ ಹೊರಗೆ ತರುವಾಗ ಎರಡು ದಿನ ಹೋಯಿತು. ನನ್ನ ಕೈಯ ತುರಿಕೆ ಮೂರು ದಿನ.

ಇನ್ನು ಎಸ್‌ಪಿಎಫ್. ನನ್ನ ಹೆಸರಿನಲ್ಲಿ ಮೇಲ್ ಕಳಿಸಲಿಕ್ಕೆ ಇಂಥಿಂಥವರಿಗೆ ಮಾತ್ರ ಅಧಿಕಾರ ಎಂದು ಡೊಮೈನಿನಲ್ಲಿ ಬರೆದಿಡುವ ಸಾಲು ಅದು. ಹೊಸ ಕಂಪೆನಿಯವರು ಒಂದು ಸಾಲು ಕೊಟ್ಟಿದ್ದರು, ಸೇರಿಸಿ ಅಂತ. ಭಟ್ರು ಸೇರಿಸಿದರು. ಹಳೆಯದನ್ನು ತೆಗೆಯಲಿಲ್ಲ. ಈಗ ಎರಡು ಎಸ್‌ಪಿಎಫ್.

"ಇದ್ದರೆ ಒಳ್ಳೆದಲ್ವಾ? ಒಂದು ಕೆಟ್ಟರೆ ಇನ್ನೊಂದು."

"ಭಟ್ರೇ, ಎರಡು ರೇಶನ್ ಕಾರ್ಡ್ ಇದ್ದವನಿಗೆ ಎರಡು ಪಾಲು ಅಕ್ಕಿ ಕೊಡ್ತಾರಾ, ಎರಡೂ ಕಾರ್ಡ್ ರದ್ದು ಮಾಡ್ತಾರಾ?" ಎಂದೆ.

"ಅದು ಯಾವ ರಾಜ್ಯದ ಕಾರ್ಡ್ ಅಂತ ನೋಡ್ಬೇಕು," ಎಂದರು ರೈಗಳು. ಗಡಿಯಲ್ಲಿದ್ದವರಿಗೆ ಇಂಥಾ ಪ್ರಶ್ನೆಗೆ ಒಂದೇ ಉತ್ತರ ಇರುವುದಿಲ್ಲ.

ಇಲ್ಲಿ ಮಾತ್ರ ಉತ್ತರ ಒಂದೇ. ಎಸ್‌ಪಿಎಫ್ ಸಾಲು ಎರಡಾದರೆ ಎರಡೂ ಲೆಕ್ಕಕ್ಕಿಲ್ಲ, ಪರೀಕ್ಷೆಯೇ ತಪ್ಪು ಅಂತ ಬರುತ್ತದೆ. ಒಂದರೊಳಗೇ ಎಲ್ಲರನ್ನೂ ಸೇರಿಸಬೇಕು. ಸೇರಿಸಿದ ಸಾಲನ್ನು ತಟ್ಟೆಯ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದು ಭಟ್ರಿಗೆ ಕೊಡುವಷ್ಟರಲ್ಲಿ ಹಾಜಿಯಾರ್ರು ಅದರಲ್ಲೇ ಬಜೆ ಹಾಕಿಕೊಂಡಿದ್ದರು. ಎಣ್ಣೆ ಹಾಳೆಯೊಳಗೆ ಇಳಿದು ಶಾಯಿ ಹರಡಿತು. ಸಾಲಿನ ಕೊನೆಯಲ್ಲಿ ಒಂದು ಚಿಹ್ನೆ ಉಂಟು. ಅಲೆಯ ಹಾಗಿದ್ದರೆ 'ಬೇರೆಯವರಿಂದ ಬಂದರೆ ಸಂಶಯ ಇರಲಿ' ಅಂತ, ನೇರ ಗೆರೆಯಾದರೆ 'ಹೊರಗೆ ಹಾಕು' ಅಂತ. ಎಣ್ಣೆ ಕುಡಿದ ಮೇಲೆ ಅಲೆಯೋ ಗೆರೆಯೋ ಬ್ರಹ್ಮನಿಗೂ ಗೊತ್ತಾಗದು. ಮೂವರು ತಟ್ಟೆಯನ್ನು ಬೆಳಕಿಗೆ ಹಿಡಿದು ಜಾತಕ ನೋಡಿದ ಹಾಗೆ ನೋಡಿದರು. ಪುನಃ ಬರೆದೆ, ಕಾಗದದಲ್ಲಿ.

ಡಿಕಿಮ್ ಎಂಬುದು ಕಳಿಸುವ ಪ್ರತಿ ಮೇಲಿಗೆ ಹಾಕುವ ಅರಗಿನ ಮುದ್ರೆ. ಎಸ್‌ಪಿಎಫ್, ಡಿಕಿಮ್ ಎರಡರಲ್ಲೂ ಸೋತ ಮೇಲನ್ನು ಏನು ಮಾಡಬೇಕೆಂದು ಡಿಮಾರ್ಕ್ ಹೇಳುತ್ತದೆ. ಅದನ್ನು ಸುರುವಿಗೆ 'ಏನೂ ಮಾಡಬೇಡ, ವರದಿ ಮಾತ್ರ ಕೊಡು' ಎಂದು ಇಟ್ಟೆ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ಬಿಗಿ ಮಾಡಿವೆ. ಗೂಗಲ್‌ನ ಲೆಕ್ಕದಲ್ಲಿ ದಿನಕ್ಕೆ 5000 ಮೇಲ್ ಕಳಿಸುವವರಿಗೆ ಮೂರೂ ಬೇಕು, ನಮ್ಮಂಥ ಚಿಲ್ಲರೆಯವರಿಗೆ ಎಸ್‌ಪಿಎಫ್, ಡಿಕಿಮ್‌ಗಳಲ್ಲಿ ಒಂದಾದರೂ ಇರಲೇಬೇಕು. ಭಟ್ರ ಹಳೆ ಕಂಪೆನಿಯಲ್ಲಿ ಮುದ್ರೆಯೇ ಹಾಕುತ್ತಿರಲಿಲ್ಲ. ಸ್ಪ್ಯಾಮಿಗೆ ಹೋದದ್ದರಲ್ಲಿ ಆಶ್ಚರ್ಯ ಎಂತದ್ದು?

ಶುಕ್ರವಾರ ರಾತ್ರಿ ಗೆರೆ ತಿದ್ದಿದೆವು. ಮೇಲ್ ಬಂತು, ಹೋಯಿತು. ಆಟಿ ಕಳೆಯಿತು, ಸೋಣ ಬಂತು. ಎಲ್ಲ ಗಮ್ಮತ್ತು ಎಂದುಕೊಳ್ಳುವಾಗ ಭಟ್ರು ಪುನಃ ಜಗಲಿಗೆ. "ವೆಬ್‌ಸೈಟಿನಲ್ಲಿ ವಿಚಾರಣೆಯ ಫಾರ್ಮ್ ಉಂಟಲ್ಲ, ಹದಿನೈದು ದಿನದಿಂದ ಒಬ್ಬನೂ ಕೇಳಲಿಲ್ಲ. ಮದುವೆ ಸೀಸನಿಗೆ ಆರ್ಡರ್ ಬರುವ ಹೊತ್ತು."

ಹಳೆ ಪೆಟ್ಟಿಗೆ ತೆರೆದು ನೋಡಿದರೆ ಹನ್ನೆರಡು ವಿಚಾರಣೆ ಅಲ್ಲಿ ಕೂತಿವೆ. ಒಂದು ಹಾಸನದ ಅಡುಗೆಯವರದ್ದು, ಹತ್ತು ಇಂಚಿನ ತಟ್ಟೆ ಮೂರು ಸಾವಿರ. ವಿಷಯ ಇಷ್ಟೇ: ವೆಬ್‌ಸೈಟು ಇನ್ನೂ ಹಳೆ ಕಂಪೆನಿಯ ಸರ್ವರಿನಲ್ಲೇ. ಆ ಸರ್ವರಿಗೆ ಭಟ್ರು ಈಗಲೂ ತನ್ನ ಮನೆಯವರೇ. ಹೊರಗೆ ಹೋಗಿ ಎಂಎಕ್ಸ್ ಕೇಳುವುದೇ ಇಲ್ಲ, ಕಾಗದವನ್ನು ನೇರ ಒಳಕೋಣೆಗೆ ಎಸೆಯುತ್ತದೆ. ಸೆಟ್ಟಿಂಗಿನಲ್ಲಿ 'ಲೋಕಲ್' ಎಂದಿದ್ದದ್ದನ್ನು 'ರಿಮೋಟ್' ಮಾಡಬೇಕಿತ್ತು. ಒಂದು ಗುಂಡಿ. ಹದಿನೈದು ದಿನ. ಇದನ್ನು ಮೊದಲೇ ನೋಡಬೇಕಾದವ ನಾನೇ. ಯಾರಿಗೂ ಹೇಳಲಿಲ್ಲ, ಇಲ್ಲಿ ಹೇಳಿದೆ.

"ಅದಕ್ಕೇ ಹೇಳಿದ್ದು, ಒಂದು ತಿಂಗಳ ಬಾಡಿಗೆ," ಎಂದರು ಹಾಜಿಯಾರ್ರು, ಚಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡು.

ಹಾಸನದವರಿಗೆ ಅಲ್ಲಿಂದಲೇ ಫೋನ್ ಮಾಡಿದ್ದಾಯಿತು, ಸ್ಪೀಕರಿನಲ್ಲಿ. ತಡವಾದದ್ದಕ್ಕೆ ಭಟ್ರು ಕ್ಷಮೆ ಕೇಳಿದರು.

"ಪರ್ವಾಗಿಲ್ಲ ಸ್ವಾಮಿ. ನನಗೂ ಒಂದು ಸಂಶಯ ಇತ್ತು. ನಿಮ್ಮ ಇಮೇಲಲ್ಲಿ 'ಹಳೆ ತಟ್ಟೆ' ಅಂತ ಇದೆಯಲ್ಲ, ಯಾರಾದ್ರೂ ಉಂಡ ತಟ್ಟೆ ತೊಳೆದು ಮಾರ್ತೀರೇನೋ ಅಂತ."

ಜಗಲಿ ನಿಶ್ಶಬ್ದ. ಹನ್ನೊಂದು ವರ್ಷದ ಹಿಂದೆ ಅಳಿಯ ಇಂಗ್ಲಿಷಿನಲ್ಲಿ 'ಹಾಳೆ' ಬರೆಯುವಾಗ ಎರಡು 'ಎ' ಹಾಕುವಲ್ಲಿ ಒಂದೇ ಹಾಕಿದ್ದ. ಕನ್ನಡದವರು ಅದನ್ನು 'ಹಳೆ' ಎಂದು ಓದುತ್ತಾರೆ. ಇಂಗ್ಲಿಷ್ ಓದಿದವರು ಹೇಗೆ ಓದುತ್ತಾರೆಂದು ಹೇಳುವುದಿಲ್ಲ, ಊಟದ ತಟ್ಟೆಯ ವಿಷಯ.

ಭಟ್ರು ಫೋನ್ ಕಿಸೆಗೆ ಹಾಕಿದರು. ಸ್ವಲ್ಪ ಹೊತ್ತು ಮಳೆ ನೋಡಿದರು.

"ಭಾವ, ಇನ್ನೊಂದು ಎ ಸೇರಿಸಿದ ಡೊಮೈನ್ ಸಿಕ್ಕೀತಾ?"

ನಾನು ಆರ್ಡರ್ ಪುಸ್ತಕ ತೆರೆದೆ. "ಲೆಟರ್‌ಹೆಡ್ ಒಂದು ಸಾವಿರ ಅಂತ ಹೇಳಿದ್ದಲ್ವಾ?"