ಆಡಿದ ಜೆರ್ಸಿ, ಅಂಗಡಿ ಜೆರ್ಸಿ: ಜವಳಿ ಮೇಷ್ಟ್ರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ದಾವಣಗೆರೆ–ಚಿತ್ರದುರ್ಗ ಫುಟ್‌ಬಾಲ್ ಗುಂಪಿನಲ್ಲಿ ಈ ಭಾನುವಾರ ಜವಳಿ ಮೇಷ್ಟ್ರು ಸಿಗುತ್ತಾರೆ. ಮೊದಲು ಕಾಟನ್ ಮಿಲ್ಲಿನ ಲ್ಯಾಬಿನಲ್ಲಿದ್ದರು, ಆಮೇಲೆ ಕಾಲೇಜಿನಲ್ಲಿ ಬಟ್ಟೆ ಪಾಠ ಮಾಡಿದರು. ರಿಟೈರ್ ಆದ ಮೇಲೆ, ಪಂದ್ಯದಲ್ಲಿ ತೊಟ್ಟ ಜೆರ್ಸಿ ಕೂಡಿಡುವವರಿಗೆ ಅಸಲಿ ಯಾವುದು ನಕಲಿ ಯಾವುದು ಅಂತ ನೋಡಿ ಹೇಳುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ. ಹಾಕ್ತೀರಿ ಅಂತ ಗೊತ್ತು, ಆದರೂ ಹೇಳಿದ್ದೇನೆ.

ನಿಟ್ಟುವಳ್ಳಿ ಗೋಲಿ: ನಮಸ್ಕಾರ ಸರ್. ಇನ್‌ಸ್ಟಾಗ್ರಾಮಿನ ಒಂದು ಪೇಜಿನಿಂದ ಸುನಿಲ್ ಛೆಟ್ರಿ ಪಂದ್ಯದಲ್ಲಿ ಹಾಕಿದ್ದ ಜೆರ್ಸಿ ಅಂತ 18,000 ಕೊಟ್ಟು ತಗೊಂಡೆ. ಹೊಲೋಗ್ರಾಂ ಇರುವ ಸರ್ಟಿಫಿಕೇಟ್ ಇದೆ. ಸಹಿನೂ ಇದೆ. ಒರಿಜಿನಲ್ಲಾ?

ಜವಳಿ ಮೇಷ್ಟ್ರು: ನಮಸ್ಕಾರ. ಹೊಲೋಗ್ರಾಂ ಸ್ಟಿಕ್ಕರ್ ರೋಲ್ ಲೆಕ್ಕದಲ್ಲಿ ಸಿಗುತ್ತದೆ. ಸರ್ಟಿಫಿಕೇಟಿಗೆ ಬೆಲೆ ಬರುವುದು ಅದನ್ನು ಕೊಟ್ಟವರಿಂದ, ಕಾಗದದಿಂದ ಅಲ್ಲ. ಸಹಿ ಇದ್ದರೆ ಸಹಿ ಮಾಡಿದ್ದಾರೆ ಅಂತಷ್ಟೇ ಅರ್ಥ, ತೊಟ್ಟಿದ್ದಾರೆ ಅಂತಲ್ಲ.

ಎಲ್ಲರೂ ಒಮ್ಮೆ ಕೇಳಿಸಿಕೊಳ್ಳಿ, ಆಮೇಲೆ ಮತ್ತೆ ಮತ್ತೆ ಹೇಳುವುದಿಲ್ಲ. ಅಭಿಮಾನಿಗಳಿಗೆ ಮಾಡುವ ಜೆರ್ಸಿ ಒಂದು. ಆಟಗಾರರ ಮಾದರಿಯದು ಇನ್ನೊಂದು. ಅಡಿಡಾಸ್‌ನ ಹೀಟ್ ಡಾಟ್ ರೆಡಿ, ನೈಕಿಯ ಡ್ರೈ-ಫಿಟ್ ಎಡಿವಿ ಅಂತ ಈಚಿನ ವರ್ಷಗಳಲ್ಲಿ ಬಂದಿದೆಯಲ್ಲ, ಅಂಥದ್ದು. ಅದೂ ಅಂಗಡಿಯಲ್ಲೇ ಸಿಗುತ್ತದೆ. ಹಾಗಾಗಿ ಬಟ್ಟೆ ಆಟಗಾರರದ್ದೇ ಅಂದ ಮಾತ್ರಕ್ಕೆ ಆಟಗಾರ ಹಾಕಿದ್ದು ಅಂತ ಆಗಲಿಲ್ಲ. ಪಂದ್ಯಕ್ಕೆ ಅಂತ ರೆಡಿ ಮಾಡಿ, ಬ್ಯಾಗಿನಲ್ಲೇ ಉಳಿದು ವಾಪಸ್ ಬಂದದ್ದೂ ಇರುತ್ತದೆ. ನಿಜವಾಗಿ ಮೈಮೇಲೆ ಆಡಿದ್ದು ಕೊನೆಯದು. ಬೆಲೆಯಲ್ಲಿ ಅಜಗಜಾಂತರ. ಮೋಸ ನಡೆಯುವುದು ಇವುಗಳ ನಡುವಿನ ಸಂದಿಯಲ್ಲೇ.

ಯಾವ ಪಂದ್ಯ ಅಂತ ಮಾರಿದವರನ್ನು ಕೇಳಿ. ಅವರಿಗೇ ಗೊತ್ತಿಲ್ಲ ಅಂದರೆ ದುಡ್ಡು ವಾಪಸ್ ಕೇಳಿ.

ಮಂಡಿಪೇಟೆ ಮೆಸ್ಸಿ: ಸರ್, ಪಂದ್ಯ ಗೊತ್ತಾದರೆ ಅದೇ ಜೆರ್ಸಿ ಅಂತ ಹೇಗೆ ಕಂಡುಹಿಡಿಯುತ್ತಾರೆ? ಎಲ್ಲಾ ಒಂದೇ ಥರ ಇರುತ್ತಲ್ಲ.

ಜವಳಿ ಮೇಷ್ಟ್ರು: ಒಳ್ಳೆ ಪ್ರಶ್ನೆ. ಒಂದೇ ಥರ ಇರುವುದಿಲ್ಲ. ನಂಬರ್ ಒತ್ತುವುದು ಒಬ್ಬ ಮನುಷ್ಯ. ಒಂದು ಜೆರ್ಸಿಯಲ್ಲಿ 10ರ ಅಂಚು ಪಟ್ಟೆಯ ಮೇಲೆ ಬರುತ್ತದೆ, ಇನ್ನೊಂದರಲ್ಲಿ ಒಂದು ನೂಲು ಈಚೆ. ಬ್ಯಾಡ್ಜ್ ಸ್ವಲ್ಪ ವಾಲಿರುತ್ತದೆ. ಪಂದ್ಯದ ಫೋಟೋವನ್ನು ದೊಡ್ಡದು ಮಾಡಿ ಇಂಥದ್ದನ್ನು ಒಂದೊಂದಾಗಿ ಹೋಲಿಸುತ್ತಾರೆ. 1986ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮರಡೋನಾ ಕೈಯಲ್ಲಿ ಗೋಲು ಹೊಡೆದರಲ್ಲ, ಆ ನೀಲಿ ಜೆರ್ಸಿಯನ್ನು ಹೀಗೇ ಗುರುತಿಸಿದ್ದು. ಆಟ ಮುಗಿದ ಮೇಲೆ ಇಂಗ್ಲೆಂಡಿನ ಸ್ಟೀವ್ ಹಾಡ್ಜ್ ಅದಲು ಬದಲು ಮಾಡಿಕೊಂಡಿದ್ದರು. ಮ್ಯಾಂಚೆಸ್ಟರ್‌ನ ಫುಟ್‌ಬಾಲ್ ಮ್ಯೂಸಿಯಂನಲ್ಲಿ ವರ್ಷಗಟ್ಟಲೆ ಇತ್ತು. ನಮ್ಮ ದಾವಣಗೆರೆಯನ್ನೂ ಒಂದು ಕಾಲಕ್ಕೆ ಮ್ಯಾಂಚೆಸ್ಟರ್ ಅಂತಿದ್ದರು, ಮಿಲ್ಲುಗಳು ಹೋದವು, ಆ ಮಾತೂ ಹೋಯಿತು. ಇರಲಿ. 2022ರಲ್ಲಿ ಆ ಜೆರ್ಸಿ ಸದಬೀಸ್ ಹರಾಜಿನಲ್ಲಿ 71 ಲಕ್ಷ ಪೌಂಡ್‌ಗೆ ಹೋಯಿತು.

ಎಂಸಿಸಿ ಬ್ಲಾಕ್ ಮಿಡ್‌ಫೀಲ್ಡ್: ಆದರೆ ಅದು ಮೊದಲರ್ಧದ ಜೆರ್ಸಿ, ಗೋಲು ಹೊಡೆದಾಗಿನದು ಅಲ್ಲ ಅಂತ ಮರಡೋನಾ ಮಗಳೇ ಹೇಳಿದ್ದರಲ್ಲ?

ಜವಳಿ ಮೇಷ್ಟ್ರು: ಹೇಳಿದ್ದರು. ಆದರೆ ಫೋಟೋ ಹೋಲಿಸಿದ್ದರು. ಎರಡನೇ ಅರ್ಧದ್ದೇ ಅಂತ ಹರಾಜಿನವರು ತೀರ್ಮಾನ ಮಾಡಿದರು.

ಮಂಡಿಪೇಟೆ ಮೆಸ್ಸಿ: ಮೆಸ್ಸಿಯ ಕತಾರ್ ವಿಶ್ವಕಪ್ ಜೆರ್ಸಿಗಳು 2023ರಲ್ಲಿ 78 ಲಕ್ಷ ಡಾಲರ್‌ಗೆ ಹೋದವು. ನಮ್ಮ ಬಾಸ್.

ಎಂಸಿಸಿ ಬ್ಲಾಕ್ ಮಿಡ್‌ಫೀಲ್ಡ್: ಆರು ಸೇರಿ ಅಷ್ಟು, ಗುರು. ಮರಡೋನಾದು ಒಂದಕ್ಕೇ ಅದಕ್ಕಿಂತ ಜಾಸ್ತಿ.

ಮಂಡಿಪೇಟೆ ಮೆಸ್ಸಿ: ಕೈಯಲ್ಲಿ ಹೊಡೆದಿದ್ದಕ್ಕೆ ಅಷ್ಟಾ? ಹಾಗಿದ್ದರೆ ವಾಲಿಬಾಲ್ ಆಡಬೇಕಿತ್ತು.

ಎಂಸಿಸಿ ಬ್ಲಾಕ್ ಮಿಡ್‌ಫೀಲ್ಡ್: ನಾಲ್ಕು ನಿಮಿಷ ಆದಮೇಲೆ ಹೊಡೆದ ಎರಡನೇ ಗೋಲು ನೋಡಿದೀಯಾ ನೀನು? ಹುಟ್ಟಿದ್ಯಾ ಆವಾಗ?

ಹರಿಹರದ ಅಂಪೈರ್: ಎರಡೂ ಬಿಡ್ರಪ್ಪಾ. ಕ್ರಿಕೆಟರ್ ವಿನಯ್ ಕುಮಾರ್ ಊರಲ್ಲಿ ಕೂತು ಫುಟ್‌ಬಾಲ್ ಜೆರ್ಸಿ ಜಗಳ. ಹೈಸ್ಕೂಲ್ ಫೀಲ್ಡಲ್ಲಿ ಬೆಳಿಗ್ಗೆ ನೋಡಿ, ಎಷ್ಟು ಜನ ಫುಟ್‌ಬಾಲ್ ಒದೀತಾರೆ, ಎಷ್ಟು ಜನ ಬ್ಯಾಟ್ ಹಿಡೀತಾರೆ.

ಎಂಸಿಸಿ ಬ್ಲಾಕ್ ಮಿಡ್‌ಫೀಲ್ಡ್: ನಿಮ್ಮನ್ನ ಈ ಗುಂಪಿಗೆ ಸೇರಿಸಿದ್ದು ಯಾರು?

ವಿದ್ಯಾನಗರ ವಿಂಗರ್: ಸರ್, 1992–93ರ ಪ್ರೀಮಿಯರ್ ಲೀಗ್ ಪಂದ್ಯದ ಜೆರ್ಸಿ ಅಂತ ಒಬ್ಬರು ತೋರಿಸಿದರು. ಬೆನ್ನ ಮೇಲೆ ಆಟಗಾರನ ಹೆಸರೂ ಇದೆ. ತಗೊಳ್ಳಲಾ?

ಜವಳಿ ಮೇಷ್ಟ್ರು: ಬೇಡ. ಆ ಲೀಗಿನಲ್ಲಿ ಬೆನ್ನ ಮೇಲೆ ಹೆಸರು ಬಂದಿದ್ದು 1993–94ರಿಂದ.

ಆವರಗೆರೆ ಕಲೆಕ್ಟರ್: ಮೇಷ್ಟ್ರೇ, ನೆದರ್ಲೆಂಡ್ಸ್‌ನ ಹರಾಜು ಸೈಟಿನಿಂದ ತರಿಸಿದರೆ ಕಸ್ಟಮ್ಸ್ ಎಷ್ಟು ಬೀಳುತ್ತೆ?

ದುರ್ಗದ ಮಗಳು: ನಮಸ್ಕಾರ ಸರ್. ನನಗೆ ಫುಟ್‌ಬಾಲ್ ಅಷ್ಟಾಗಿ ಗೊತ್ತಿಲ್ಲ, ನಮ್ಮ ತಮ್ಮ ಈ ಗುಂಪಿಗೆ ಸೇರಿಸಿದ. ನಮ್ಮ ತಂದೆ ತೀರಿಕೊಂಡು ಎರಡು ವರ್ಷ ಆಯಿತು. ಅವರು ವಯಸ್ಸಿನಲ್ಲಿ ಮೈಸೂರು ರಾಜ್ಯಕ್ಕೆ ಫುಟ್‌ಬಾಲ್ ಆಡಿದ್ದರು ಅಂತ ಹೇಳುತ್ತಿದ್ದರು. ಟ್ರಂಕಿನಲ್ಲಿ ಒಂದು ಹತ್ತಿ ಜೆರ್ಸಿ ಸಿಕ್ಕಿತು. ಎದೆ ಮೇಲೆ ಮೈಸೂರು ಅಂತ ಇಂಗ್ಲಿಷ್ ಅಕ್ಷರ ಹೊಲಿದಿದ್ದಾರೆ, ಹಿಂದೆ 7. ಟ್ರಂಕಿನ ತುಕ್ಕು ಎರಡು ಕಡೆ ಹತ್ತಿದೆ. ಕಾಲರ್ ಒಳಗೆ ಕಪ್ಪು ಚುಕ್ಕೆ ಇದೆ. ಬೆಂಗಳೂರಿನ ಒಬ್ಬರು 40,000 ಕೊಡ್ತೀನಿ ಅಂತಿದ್ದಾರೆ. ತೊಳೆದು, ತುಕ್ಕು ತೆಗೆದು ಕೊರಿಯರ್ ಮಾಡಿ, ನೋಡಿ ದುಡ್ಡು ಹಾಕ್ತೀನಿ ಅಂದರು. ಜೊತೆಗೆ, ತಂದೆ ಇದನ್ನು ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಹಾಕಿದ್ದರು ಅಂತ ಸ್ಟಾಂಪ್ ಪೇಪರ್ ಮೇಲೆ ಬರೆದು ಸಹಿ ಮಾಡಬೇಕಂತೆ. ಕಳಿಸಬಹುದಾ?

ಬಾಡಾ ಕ್ರಾಸ್ ಬ್ಯಾಕ್: ಅಕ್ಕಾ, ತುಕ್ಕಿಗೆ ನಿಂಬೆಹಣ್ಣು ಉಪ್ಪು ಉಜ್ಜಿ ಬಿಸಿಲಿಗೆ ಹಾಕಿ, ಮಾಯ. ನನಗೆ ಬಂದ ಫಾರ್ವರ್ಡ್ ಹಾಕ್ತಿದೀನಿ, ತುಂಬಾ ಉಪಯುಕ್ತ:
"ಹಳೆ ಜೆರ್ಸಿ ಹೊಸದರಂತೆ ಹೊಳೆಯಲು ಒಂದು ಬಕೆಟ್ ನೀರಿಗೆ ಒಂದು ಲೋಟ ವಿನೆಗರ್, ಒಂದು ಹಿಡಿ ಕಲ್ಲುಪ್ಪು ಹಾಕಿ ರಾತ್ರಿಯೆಲ್ಲ ನೆನೆಸಿಡಿ. ಬಣ್ಣ ಜೀವನಪೂರ್ತಿ ಹೋಗುವುದಿಲ್ಲ. ನಂತರ ನುಸಿ ಗುಳಿಗೆ ಹಾಕಿ ಪ್ಲಾಸ್ಟಿಕ್ ಕವರಿನಲ್ಲಿ ಸೀಲ್ ಮಾಡಿ. ಹತ್ತು ಜನಕ್ಕೆ ಕಳಿಸಿ."

ಜವಳಿ ಮೇಷ್ಟ್ರು: ಅಮ್ಮಾ, ದಯವಿಟ್ಟು ಮೇಲಿನದು ಯಾವುದನ್ನೂ ಮಾಡಬೇಡಿ. ನೀರು ಸೋಕಿಸಬೇಡಿ. ಕೊರಿಯರ್ ಮಾಡಬೇಡಿ. ಏನಕ್ಕೂ ಸಹಿ ಹಾಕಬೇಡಿ. ಸ್ವಲ್ಪ ಉದ್ದ ಬರೆಯುತ್ತೇನೆ, ನಿಧಾನಕ್ಕೆ ಓದಿ.

ಮೊದಲು ತುಕ್ಕು. ನಿಂಬೆ ಹುಳಿ ತುಕ್ಕನ್ನು ಕರಗಿಸುತ್ತದೆ, ಸುಳ್ಳಲ್ಲ. ಆದರೆ ಹುಳಿ ಉಳಿದರೆ ಹತ್ತಿಯ ನಾರನ್ನೂ ತಿನ್ನುತ್ತದೆ. ಬಿಸಿಲು ಅದಕ್ಕೆ ಇನ್ನಷ್ಟು ಜೋರು ಕೊಡುತ್ತದೆ. ತುಕ್ಕು ಹಿಡಿದ ಜಾಗ ಮೊದಲೇ ಬಲ ಕಳೆದುಕೊಂಡಿರುತ್ತದೆ. ಅಷ್ಟು ಹಳೆ ಬಟ್ಟೆ, ಉಜ್ಜಿದರೆ ಕಲೆ ಇದ್ದ ಕಡೆ ತೂತು ಇರುತ್ತದೆ. ಕಲೆ ಇರಲಿ. ತೇವ ಇಲ್ಲದಿದ್ದರೆ ಅದು ಬೆಳೆಯುವುದಿಲ್ಲ.

ಈಗ ಹೆಸರು. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರ ನವೆಂಬರ್ 1ಕ್ಕೆ. ಮೈಸೂರು ಅಂತ ಇದ್ದರೆ ಅದಕ್ಕಿಂತ ಮುಂಚಿನದು ಇರಬಹುದು. ಮೈಸೂರು ತಂಡ 1967–68ರಲ್ಲಿ, ಮತ್ತೆ 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಆದರೆ ಮೈಸೂರು ಅಂತ ಎದೆ ಮೇಲೆ ಹೊಲಿದ ಜೆರ್ಸಿಯೆಲ್ಲ ಫೈನಲ್ ಜೆರ್ಸಿ ಆಗುವುದಿಲ್ಲ. ಕ್ಯಾಂಪಿನದು ಇರಬಹುದು, ಬೇರೆ ವರ್ಷದ್ದು ಇರಬಹುದು, ಮೈಸೂರು ನಗರದ ಯಾವುದೋ ತಂಡದ್ದೂ ಇರಬಹುದು. ನಿಮ್ಮ ತಂದೆ ಫೈನಲ್ ಆಡಿದ್ದೆ ಅಂತ ಯಾವತ್ತಾದರೂ ಹೇಳಿದ್ದರಾ, ಅಥವಾ ರಾಜ್ಯಕ್ಕೆ ಆಡಿದ್ದೆ ಅಂತಷ್ಟೇ ಹೇಳಿದ್ದರಾ? ನೀವು ಬರೆದಿದ್ದು ಎರಡನೆಯದು. ಫೈನಲ್ ಅನ್ನುವ ಮಾತು ಬಂದಿದ್ದು ಕೊಳ್ಳುವವರ ಬಾಯಿಂದ.

ನನಗೆ ಕಸಿವಿಸಿ ಆಗಿದ್ದು ಇಲ್ಲೇ. ಅವರಿಗೆ ಜೆರ್ಸಿಗಿಂತ ಆ ಸ್ಟಾಂಪ್ ಪೇಪರ್ ಮುಖ್ಯ. ಈ ವ್ಯಾಪಾರದಲ್ಲಿ ಆಟಗಾರನ ಮನೆಯವರ ಕೈಬರಹದ ಕಾಗದಕ್ಕೆ ತುಂಬಾ ತೂಕ. ಅದನ್ನು ಇಟ್ಟುಕೊಂಡು ಅವರು ಮುಂದಿನವರಿಗೆ ಹತ್ತು ಪಟ್ಟಿಗೆ ಮಾರಬಹುದು. ನಾಳೆ ಯಾರೋ ಹಳೆ ಪೇಪರ್ ತೆಗೆದು ಫೈನಲ್‌ನಲ್ಲಿ 7 ಹಾಕಿದ್ದು ಬೇರೆಯವರು ಅಂತ ತೋರಿಸಿದರೆ, ಸುಳ್ಳುಗಾರರು ಅನ್ನಿಸಿಕೊಳ್ಳುವುದು ಅವರಲ್ಲ. ಸಹಿ ನಿಮ್ಮದು, ಹೆಸರು ನಿಮ್ಮ ತಂದೆಯದು. ತೊಳೆಯಿರಿ ಅಂದಿದ್ದೂ ನನಗೆ ಸರಿ ಕಾಣುತ್ತಿಲ್ಲ. ನಿಜವಾದ ಸಂಗ್ರಹಕಾರ ಮಣ್ಣು, ಬೆವರಿನ ಗುರುತು ಹೋಗಲಿ ಅನ್ನುವುದಿಲ್ಲ.

ಕಾಲರ್ ಒಳಗಿನ ಕಪ್ಪು ಚುಕ್ಕೆ ಅಂದಿರಲ್ಲ, ಅದರ ಹತ್ತಿರದ ಫೋಟೋ ಹಾಕಿ. ಚುಕ್ಕೆ ಒಂದೇನಾ, ಪಕ್ಕದಲ್ಲಿ ಗೆರೆ ಇದೆಯಾ? ಒಳಗಿನ ಹೊಲಿಗೆಯದ್ದೂ ಒಂದು ಹಾಕಿ.

ಬಾಡಾ ಕ್ರಾಸ್ ಬ್ಯಾಕ್: ಸರ್, ವಿನೆಗರ್ ಬಗ್ಗೆ ಹೇಳಲಿಲ್ಲ. ನಮ್ಮ ಮನೇಲಿ ಮಾಡ್ತಾರೆ.

ಜವಳಿ ಮೇಷ್ಟ್ರು: ಹುಳಿ ಬೇಕಾಗುವುದು ಉಣ್ಣೆ, ರೇಷ್ಮೆ, ನೈಲಾನ್ ಬಟ್ಟೆಗೆ ಬಣ್ಣ ಹಾಕುವಾಗ. ಅದೂ ಕುದಿಯುವ ನೀರಲ್ಲಿ. ಹತ್ತಿಗೆ ಬಣ್ಣ ಹತ್ತಿಸುವಾಗ ಉಪ್ಪು ಹಾಕುತ್ತಾರೆ, ಹತ್ತಿದ ಮೇಲೆ ಕಾಯುವುದಕ್ಕಲ್ಲ. ಪಾಲಿಯೆಸ್ಟರಿನ ಬಣ್ಣ ಕಾಯುವುದಕ್ಕೂ ಎರಡರಿಂದಲೂ ಪ್ರಯೋಜನ ಇಲ್ಲ. ನುಸಿ ಗುಳಿಗೆಯ ಆವಿ ಕೆಲವು ಪ್ಲಾಸ್ಟಿಕ್ ನಂಬರುಗಳನ್ನು ಮೆತ್ತಗೆ ಮಾಡುತ್ತದೆ. ಪ್ಲಾಸ್ಟಿಕ್ ಕವರ್ ತೇವ ಹಿಡಿದಿಡುತ್ತದೆ. ಹತ್ತು ಜನಕ್ಕೆ ಕಳಿಸಿ ಅನ್ನುವುದೊಂದೇ ಅದರಲ್ಲಿ ಯಾರಿಗೂ ಹಾನಿ ಮಾಡದ ಸಾಲು ಅಂದುಕೊಂಡಿದ್ದೆ. ಅದೂ ಅಲ್ಲ.

ಬಾಡಾ ಕ್ರಾಸ್ ಬ್ಯಾಕ್: ಒಳ್ಳೇದಕ್ಕೆ ಹಾಕಿದ್ದು. ದೊಡ್ಡವರು ಅಂತ ಸುಮ್ನಿದೀನಿ.

ಪಿ.ಜೆ. ಬಡಾವಣೆ ಸ್ಟ್ರೈಕರ್: ಸರ್, ಕೆಂಪು ಜೆರ್ಸಿಗೆ ಇಸ್ತ್ರಿ ಹಾಕಿದೆ, ಬಿಳಿ ನಂಬರ್ ಗುಲಾಬಿ ಬಣ್ಣಕ್ಕೆ ತಿರುಗಿತು. ಏನಾದ್ರೂ ಮಾಡಬಹುದಾ?

ಜವಳಿ ಮೇಷ್ಟ್ರು: ಇಲ್ಲ. ಪಾಲಿಯೆಸ್ಟರಿನ ಬಣ್ಣ ಬಿಸಿಗೆ ಹಾರಿ ನಂಬರಿನೊಳಗೆ ಹೊಕ್ಕಿದೆ. ವಾಪಸ್ ಬರುವುದಿಲ್ಲ.

ಮಂಡಿಪೇಟೆ ಮೆಸ್ಸಿ: ಈ ಜೆರ್ಸಿ ಒರಿಜಿನಲ್ಲಾ ಸರ್? ಫೋಟೋ ಹಾಕಿದೀನಿ.

ಜವಳಿ ಮೇಷ್ಟ್ರು: ಫೋಟೋ ಮಸುಕು. ಮೇಲೆ ಹೇಳಿದ್ದೇನೆ, ಓದಿ.

ವಿದ್ಯಾನಗರ ವಿಂಗರ್: ಇದು ಒರಿಜಿನಲ್ಲಾ ಸರ್?

ಜವಳಿ ಮೇಷ್ಟ್ರು: ಮೇಲೆ.

ಆವರಗೆರೆ ಕಲೆಕ್ಟರ್: ಕಸ್ಟಮ್ಸ್ ಬಗ್ಗೆ ಕೇಳಿದ್ದೆ.

ಹರಿಹರದ ಅಂಪೈರ್: ಆ ಮೇಡಂ ಜೆರ್ಸಿ ಹತ್ತಿನೋ ಅಲ್ವೋ ಅಂತ ಒಂದು ಮೂಲೆ ಸುಟ್ಟು ನೋಡಿದರೆ ಗೊತ್ತಾಗುತ್ತಲ್ಲ. ಹತ್ತಿ ಆದರೆ ಬೂದಿ, ಪಾಲಿಯೆಸ್ಟರ್ ಆದರೆ ಕರಗಿ ಗಂಟು.

ಜವಳಿ ಮೇಷ್ಟ್ರು: ಮೂಲೆ ಸುಡಬೇಕಾ! ಮಿಲ್ಲಿನಲ್ಲೂ ನಾವು ಒಂದು ಎಳೆ ತೆಗೆದು ಸುಡುತ್ತಿದ್ದೆವು, ಥಾನನ್ನಲ್ಲ. ಅಂಪೈರ್ ಅವರೇ, ನೀವು ಕ್ರಿಕೆಟ್ಟೇ ನೋಡಿ.

ಹರಿಹರದ ಅಂಪೈರ್: ಗುಂಪಿಗೆ ಕರೆದು ಅವಮಾನ ಮಾಡೋದು ಸರಿಯಲ್ಲ.

ಎಂಸಿಸಿ ಬ್ಲಾಕ್ ಮಿಡ್‌ಫೀಲ್ಡ್: ಯಾರು ಸೇರಿಸಿದ್ದು ಅಂತ ಆಗಲೇ ಕೇಳಿದ್ದೆ. ಅಂದಹಾಗೆ 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ಕ್ಕೆ ಸೋಲಿಸಿ ನಮ್ಮವರು ಸಂತೋಷ್ ಟ್ರೋಫಿ ಗೆದ್ದರು. 54 ವರ್ಷ ಆದಮೇಲೆ. ಫುಟ್‌ಬಾಲ್ ಇಲ್ಲ ಅನ್ನೋರಿಗೆ ಹೇಳಿದೆ.

ಹರಿಹರದ ಅಂಪೈರ್: 54 ವರ್ಷಕ್ಕೊಂದು ಸಲ. ಅಧಿಕಮಾಸಾನೂ ಅದಕ್ಕಿಂತ ಬೇಗ ಬರುತ್ತೆ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮೆಸೇಜ್ ಬಂದರೆ ತೆಗೆದುಹಾಕ್ತೀನಿ.

ದುರ್ಗದ ಮಗಳು: ಸರ್, ಫೋಟೋ ಹಾಕಿದ್ದೇನೆ. ಎರಡು ಚುಕ್ಕೆ, ಕೆಳಗೆ ಅಡ್ಡ ಗೆರೆ. ಅವರು ಈಗ ಫೋನ್ ಮಾಡಿ 55,000 ಅಂದರು, ಇವತ್ತೇ ಹೇಳಬೇಕಂತೆ. ತಂದೆ ಫೈನಲ್ ಅಂತ ನಮಗೆ ಯಾವತ್ತೂ ಹೇಳಿಲ್ಲ.

ಜವಳಿ ಮೇಷ್ಟ್ರು: ಇವತ್ತೇ ಅಂದವರಿಗೆ ನಾಳೆ ಬನ್ನಿ ಅನ್ನಿ.

ಹೊಲಿಗೆ ದಾರ ಹತ್ತಿಯದರಂತೆ ಕಾಣುತ್ತದೆ, ಅಕ್ಷರ ಕೈಯಲ್ಲಿ ಹೊಲಿದಿದ್ದಾರೆ. ಒಳ್ಳೆ ಲಕ್ಷಣ. ಫೋಟೋದಲ್ಲಿ ಇದಕ್ಕಿಂತ ಜಾಸ್ತಿ ಹೇಳಿದರೆ ನಾನೂ ಆ ಸರ್ಟಿಫಿಕೇಟಿನವರ ಥರ ಆಗುತ್ತೇನೆ. ಯಾರಾದರೂ ನೀಲಿ ಟಾರ್ಚ್ (ಯುವಿ ಬೆಳಕು) ಹಾಕಿ, ಬಟ್ಟೆ ಹೊಳೆದರೆ ನಕಲಿ ಅಂದರೆ ನಂಬಬೇಡಿ. ಈಚಿನ ಸೋಪಿನ ಪುಡಿಯಲ್ಲಿ ಒಂದು ಸಲ ತೊಳೆದಿದ್ದರೂ ಹಳೆ ಬಟ್ಟೆ ಹೊಳೆಯುತ್ತದೆ.

ಆ ಎರಡು ಚುಕ್ಕೆ, ಗೆರೆ ದೋಬಿ ಗುರುತು. ಕೇರುಕಾಯಿ ರಸದಲ್ಲಿ ಹಾಕುತ್ತಿದ್ದರು, ಜನ್ಮದಲ್ಲಿ ಹೋಗುವುದಿಲ್ಲ. ಯಾವ ಮನೆ ಬಟ್ಟೆ ಅಂತ ತಿಳಿಯಲು ಮನೆಗೊಂದು ಗುರುತು. ಹರಾಜಿನವರ ಹೊಲೋಗ್ರಾಂಗಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಅದೇ ಟ್ರಂಕಿನಲ್ಲಿ ತಂದೆಯವರ ಆ ಕಾಲದ ಬೇರೆ ಬಟ್ಟೆ ಏನಾದರೂ ಇದೆಯಾ? ಇದ್ದರೆ ಮೂಲೆಗಳನ್ನು ನೋಡಿ. ಅದೇ ಗುರುತು ಸಿಕ್ಕರೆ ಈ ಜೆರ್ಸಿ ಆವಾಗಲೇ ನಿಮ್ಮ ಮನೆಯಲ್ಲಿತ್ತು ಅಂತ ಧೈರ್ಯವಾಗಿ ಹೇಳಬಹುದು. ಯಾವ ಪಂದ್ಯ ಅನ್ನುವುದಕ್ಕೆ ತಂಡದ ಫೋಟೋ, ಪೇಪರ್ ಕಟಿಂಗ್, ಕ್ಯಾಂಪಿಗೆ ಕರೆದ ಪತ್ರ, ರೈಲಿನ ಟಿಕೆಟ್, ಯಾವ ಚೂರು ಸಿಕ್ಕರೂ ಬೇರೆ ಇಡಿ.

ಜೆರ್ಸಿಯನ್ನು ಟ್ರಂಕಿನಿಂದ ತೆಗೆದು, ಗಂಜಿ ಹಾಕದ ಹಳೆ ಬಿಳಿ ಬಟ್ಟೆಯಲ್ಲಿ ಸುತ್ತಿ ಚಪ್ಪಟೆಯಾಗಿ ಮರದ ಬೀರುವಿನಲ್ಲಿಡಿ. ಹ್ಯಾಂಗರ್ ಬೇಡ.

ನಿಟ್ಟುವಳ್ಳಿ ಗೋಲಿ: ಸರ್, ಮಾರಿದವರು ನನ್ನನ್ನ ಬ್ಲಾಕ್ ಮಾಡಿದರು.

ಬಾಡಾ ಕ್ರಾಸ್ ಬ್ಯಾಕ್: ತುಕ್ಕಿಗೆ ಟೂತ್‌ಪೇಸ್ಟ್ ಆಗುತ್ತಾ?

ಜವಳಿ ಮೇಷ್ಟ್ರು: ಹಲ್ಲಿಗೆ ಆಗುತ್ತದೆ.

ಆವರಗೆರೆ ಕಲೆಕ್ಟರ್: ಕಸ್ಟಮ್ಸ್???

ಮಂಡಿಪೇಟೆ ಮೆಸ್ಸಿ: ಸರ್, ಈಗ ಕ್ಲಿಯರ್ ಫೋಟೋ. ಒರಿಜಿನಲ್ಲಾ?

ದುರ್ಗದ ಮಗಳು: ಸರ್, ಟ್ರಂಕಿನ ಅಡಿಯಲ್ಲಿ ತಂದೆಯವರ ಪಂಚೆ ಒಂದಿತ್ತು. ಮೂಲೆಯಲ್ಲಿ ಎರಡು ಚುಕ್ಕೆ, ಕೆಳಗೆ ಅಡ್ಡ ಗೆರೆ. ಅಮ್ಮ ನೋಡಿ, ಇದು ಹಳೆ ಮನೆಯಲ್ಲಿದ್ದಾಗಿನ ನಮ್ಮ ಗುರುತೇ ಅಂದರು. ಬೆಂಗಳೂರಿನವರಿಗೆ ಸದ್ಯಕ್ಕೆ ಕೊಡಲ್ಲ ಅಂತ ಹೇಳಿದೆ.

ಜವಳಿ ಮೇಷ್ಟ್ರು: ಆ ಪಂಚೆಯನ್ನೂ ತೊಳೆಯಬೇಡಿ. ಮುಂದಿನ ವಾರ ದುರ್ಗಕ್ಕೆ ಬಂದು ನೋಡುತ್ತೇನೆ. ಅಮ್ಮನವರು ಹೇಳಿದ್ದನ್ನು ಇವತ್ತೇ ತಾರೀಕು ಹಾಕಿ ಬರೆದಿಡಿ. ಅವರು ಹೇಳಿದಷ್ಟನ್ನೇ.