ಸಹಾಯ ಬೇಕು: ಪಿಕಪ್‌ನ ಮೂರನೇ ಗೇರು ನಿಲ್ಲುತ್ತಿಲ್ಲ
ಗೇರ್‌ಬಾಕ್ಸ್ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ. ಕೋಲಾರ ಮಂಡಿಯಿಂದ ಟೊಮೆಟೊ ಲೋಡ್ ಹೊಡೆಯುವ 5 ಗೇರಿನ ಪಿಕಪ್ ನಮ್ಮದು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟ ತಕ್ಷಣ ಮೂರನೇ ಗೇರು ಟಪ್ ಅಂತ ನ್ಯೂಟ್ರಲ್‌ಗೆ ಬೀಳುತ್ತದೆ, ಈಗ ಒಂದು ಕೈ ಗೇರ್ ರಾಡ್ ಮೇಲೇ ಒತ್ತಿ ಹಿಡಿದು ಓಡಿಸುತ್ತಿದ್ದೇನೆ. ಹೋದ ತಿಂಗಳು ಗೇರ್‌ಬಾಕ್ಸ್ ಇಳಿಸಿ ಸಿಂಕ್ರೊನೈಸರ್ ರಿಂಗ್ (ಗೇರು ಸಲೀಸಾಗಿ ಸೇರಲು ವೇಗ ಹೊಂದಿಸುವ ಬಳೆ), ಬೇರಿಂಗ್ ಎಲ್ಲ ಹೊಸದು ಹಾಕಿಸಿದೆ. ಎರಡೇ ವಾರ, ಮತ್ತೆ ಅದೇ ಕತೆ! ಒಬ್ಬ ಮೇಸ್ತ್ರಿ ಸ್ಲೀವ್ (ಜಾರಿ ಬಂದು ಗೇರನ್ನು ಹಿಡಿದುಕೊಳ್ಳುವ ಬಳೆ) ಹಲ್ಲು ಸವೆದಿದೆ, ಹಬ್ (ಸ್ಲೀವ್ ಕೂರುವ ಭಾಗ), ಸ್ಲೀವ್, ಗೇರು ಮೂರೂ ಜೊತೆಗೇ ಬದಲಾಯಿಸಬೇಕು ಅನ್ನುತ್ತಾರೆ. ಇನ್ನೊಬ್ಬರು ಸುಮ್ನೆ ದುಡ್ಡು ದಂಡ, ಗುಜರಿಯಿಂದ ಪೂರ್ತಿ ಬಾಕ್ಸ್ ತನ್ನಿ ಅನ್ನುತ್ತಾರೆ. ಅದು ಎಷ್ಟು ಓಡಿದೆಯೋ ಯಾರಿಗೆ ಗೊತ್ತು? ಸ್ಲೀವನ್ನು ತಳ್ಳುವ ಸೆಲೆಕ್ಟರ್ ಫೋರ್ಕ್ ಮಾತ್ರ ಯಾರೂ ನೋಡಿಲ್ಲ. ಅದು ಸವೆದರೂ ಗೇರು ಹೀಗೆ ಜಾರುತ್ತಾ? ಬರೀ ಹಬ್-ಸ್ಲೀವ್ ಸೆಟ್ ಹಾಕಿಸಿ ಸರಿಹೋದವರು ಇದ್ದೀರಾ, ಇಲ್ಲ ಬಾಕ್ಸೇ ಬದಲಾಯಿಸಲಾ?